ಹಳಿ ಮುಗಿಯುವ ಜಾಗ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ಏನು ಕಲಿತೆ, ಅದನ್ನು ಹೇಳು ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ನಾನು ಇಂಜಿನಿಯರ್ ಅಲ್ಲ. ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಚರ್ಚ್‌ಗೇಟಿಗೆ ಹೋಗಿ ಬಂದ ಗುಮಾಸ್ತ. ಆ ನಿಲ್ದಾಣವೇ ನನಗೆ ಪಾಠ ಹೇಳಿತು.

ಹಿಂದೆ ಆ ಲೈನು ಕೊಲಾಬಾದವರೆಗೆ ಇತ್ತು. 1930ರ ಕೊನೆಗೆ ಕೊಲಾಬಾ ನಿಲ್ದಾಣ ಮುಚ್ಚಿತು. ಅಂದಿನಿಂದ ಹಳಿ ಮುಗಿಯುವುದು ಚರ್ಚ್‌ಗೇಟಿನಲ್ಲೇ. ಅಲ್ಲಿ ಪ್ಲಾಟ್‌ಫಾರಂ ಇರುವುದು ನಾಲ್ಕೇ. ಅಷ್ಟರಲ್ಲೇ ಲಕ್ಷಾಂತರ ಜನ ಹೇಗೆ ಓಡಾಡುತ್ತಾರೆ?

ಉಗಿಬಂಡಿಯಾದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತಂದು ಕಟ್ಟಬೇಕು. 1928ರಲ್ಲಿ ಆ ಲೈನಿಗೆ ವಿದ್ಯುತ್ ರೈಲು ಬಂತು. ಅದರ ಎರಡೂ ತುದಿಗೆ ಚಾಲಕನ ಕೋಣೆ. ಬಂದ ರೈಲು ಬಂದ ಹಾಗೆಯೇ ಹಿಂದಕ್ಕೆ ಹೊರಡುತ್ತದೆ.

ಮಕ್ಕಳೇ, ಒಂದು ಲೆಕ್ಕ ಮಾಡಿ. ಒಂದು ರೈಲಿಗೆ ಪ್ಲಾಟ್‌ಫಾರಂ ಹತ್ತು ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ ಆರು ರೈಲು, ನಾಲ್ಕು ಪ್ಲಾಟ್‌ಫಾರಮ್ಮಿಗೆ 24. ಅದೇ ಹದಿನೈದು ನಿಮಿಷವಾದರೆ ಬರೀ 16. ಐದು ನಿಮಿಷದ ಬೆಲೆ ಎಂಟು ರೈಲು! ಇದಲ್ಲದೆ, ನಿಲ್ದಾಣದ ಹೊರಗೆ ಹಳಿಗಳು ಕವಲೊಡೆಯುತ್ತವೆ. ಅಲ್ಲಿ ಒಳಬರುವ ರೈಲು ಅಡ್ಡ ದಾಟುವಾಗ ಹೊರಡುವ ರೈಲು ಕಾಯಬೇಕು. ಪ್ಲಾಟ್‌ಫಾರಂ ಎಷ್ಟೇ ಇರಲಿ, ಬಾಗಿಲು ಇಕ್ಕಟ್ಟಾದರೆ ಮನೆಯೇ ಇಕ್ಕಟ್ಟು.

ಕೊನೆಯ ನಿಲ್ದಾಣಕ್ಕೆ ಅಪಾಯವೂ ಉಂಟು, ಮುಂದೆ ಹಳಿಯಿಲ್ಲ. 2015ರ ಜೂನಿನಲ್ಲಿ ಒಂದು ಲೋಕಲ್ ನಿಲ್ಲದೆ ತುದಿಯ ತಡೆಗೆ ಗುದ್ದಿ ಪ್ಲಾಟ್‌ಫಾರಂ ಮೇಲೇ ಹತ್ತಿತ್ತು.

ಆದರೆ ನನಗೆ ಅತಿ ಇಷ್ಟವಾದದ್ದು ಬೇರೆ. ನಡುವಿನ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಬದಲಿಸಲು ಸೇತುವೆ ಹತ್ತಿ ಇಳಿಯಬೇಕು. ಇಲ್ಲಿ ಹಳಿ ಮುಗಿಯುವುದರಿಂದ ನಾಲ್ಕೂ ಪ್ಲಾಟ್‌ಫಾರಂ ಒಂದೇ ಅಂಗಳಕ್ಕೆ ಸೇರುತ್ತವೆ. ಒಂದು ಪ್ಲಾಟ್‌ಫಾರಮ್ಮಿನಿಂದ ಇನ್ನೊಂದಕ್ಕೆ ಮೆಟ್ಟಿಲೇ ಇಲ್ಲ. ಊರುಗೋಲಿನ ಅಜ್ಜಿಯೂ, ತಲೆಯ ಮೇಲೆ ಬುಟ್ಟಿ ಹೊತ್ತವಳೂ, ಸೂಟು ತೊಟ್ಟ ಸಾಹೇಬನೂ ಒಂದೇ ನೆಲದಲ್ಲಿ ನಡೆಯುತ್ತಾರೆ. ಕೊನೆಗಾಲದಲ್ಲಿ ನನ್ನ ಮಂಡಿ ನೋಯತೊಡಗಿದಾಗ ಆ ಅಂಗಳದ ಬೆಲೆ ತಿಳಿಯಿತು.

ಇದನ್ನು ಇಲ್ಲಿ ಏಕೆ ಹೇಳುತ್ತಿದ್ದೇನೆ? ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಕಮಾನು ಕಟ್ಟಿಸೋಣ ಎಂಬ ಮಾತು ನಡೆದಿದೆ. ಕಮಾನು ಬೇಡ ಎನ್ನುವುದಿಲ್ಲ. ಆದರೆ ಸಂಜೆ ಗಂಟೆ ಬಾರಿಸಿದ ಮೇಲೆ ನಮ್ಮ ಗೇಟಿನ ಬಳಿ ಒಂದು ದಿನ ನಿಂತು ನೋಡಿ. ಮಕ್ಕಳೆಲ್ಲ ಆ ಒಂದೇ ಕಿಂಡಿಯಲ್ಲಿ ನುಗ್ಗುತ್ತಾರೆ. ಇವತ್ತು ಬೆಳಿಗ್ಗೆ ಕಾಲು ಸ್ವಾಧೀನವಿಲ್ಲದ ಒಬ್ಬ ಹುಡುಗನನ್ನು ಗೆಳೆಯರಿಬ್ಬರು ಎತ್ತಿಕೊಂಡು ಈ ಆರು ಮೆಟ್ಟಿಲು ಹತ್ತಿಸಿದ್ದನ್ನು ಕಂಡೆ.

ಮೊದಲು ಎರಡನೆಯ ಗೇಟು ಮತ್ತು ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಆಗಲಿ. ನನ್ನ ಪಾಲಿನ ಹಣ ಅದಕ್ಕೇ. ಕಮಾನಿನ ಮೇಲೆ ನಮ್ಮ ಹೆಸರು ಬಂದರೂ ಸರಿ, ಬರದಿದ್ದರೂ ಸರಿ. ಆ ಹುಡುಗ ತನ್ನಷ್ಟಕ್ಕೆ ತಾನೇ ತರಗತಿಗೆ ಬರಲಿ.