1826 ದಿನ ಅಂದ್ರೆ ಎಷ್ಟು ವರ್ಷ?

ಇವತ್ತು ನಾನೇ ಬರೆದ ಒಂದು ಸಾಲು ಕೋಡ್ ಬಗ್ಗೆ ಮಾತಾಡ್ತೀನಿ. ಆ ಸಾಲು ಒಬ್ಬರ ಗ್ರಾಚ್ಯುಟಿಯನ್ನು ಸೊನ್ನೆ ಮಾಡಿತ್ತು.

2019ರ ಜುಲೈ. ಚೆಂಬೂರಿನ ಒಂದು ಹೋಟೆಲಿಗೆ ಸಂಬಳದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಕುಂದಾಪುರದ ಹಿರಿಯರೊಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಸೇರಿದ್ದು 2014ರ ಜುಲೈ 1, ಕೊನೆಯ ದಿನ 2019ರ ಜೂನ್ 30. ಸಾಫ್ಟ್‌ವೇರ್ ತೋರಿಸಿದ್ದು: ಸೇವೆ 4 ವರ್ಷ, ಗ್ರಾಚ್ಯುಟಿ ಇಲ್ಲ. ಅವರು ಜಗಳ ಆಡಲಿಲ್ಲ. "ಐದ್ ಮಳ್ಗಾಲ ಇಲ್ಲೇ ಕಳ್ದೆ ಮಾರಾಯ. ನಿನ್ನ ಕಂಪ್ಯೂಟರ್ ಯಾವ್ ಮಳ್ಗಾಲ ಲೆಕ್ಕಕ್ಕೆ ಹಿಡಿಲಿಲ್ಲೆ?" ಅಂದರು.

ಆಗ ಜಾರಿಯಲ್ಲಿದ್ದದ್ದು 1972ರ ಗ್ರಾಚ್ಯುಟಿ ಕಾಯ್ದೆ. ರಾಜೀನಾಮೆ ಕೊಡುವವರಿಗೆ ಐದು ವರ್ಷ ತುಂಬಿರಬೇಕು. ತುಂಬಿದರೆ ವರ್ಷಕ್ಕೆ 15 ದಿನದ ಸಂಬಳ. ತಿಂಗಳಿಗೆ 26 ದಿನ ಅಂತ ಹಿಡಿಯುತ್ತಾರೆ. ಅವರ ಮೂಲ ಸಂಬಳ ಮತ್ತು ಡಿಎ ಸೇರಿ 13,000. ಅಂದರೆ ವರ್ಷಕ್ಕೆ 7,500, ಐದಕ್ಕೆ 37,500 ರೂಪಾಯಿ.

ದಿನಗಳ ಎಣಿಕೆ ಸರಿಯಾಗೇ ಇತ್ತು. ಐದು ಸಲ 365 ಅಂದ್ರೆ 1825, ಜೊತೆಗೆ 2016ರ ಫೆಬ್ರವರಿ 29. ಒಟ್ಟು 1826. ಎಡವಿದ್ದು ಭಾಗಾಕಾರದಲ್ಲಿ. ಅಧಿಕ ವರ್ಷ ಬರುತ್ತಲ್ಲ ಅಂತ ಜಾಣತನ ಮಾಡಿ 365.25ರಿಂದ ಭಾಗಿಸಿದ್ದೆ. ಬಂದದ್ದು 4.9993, ದಶಮಾಂಶ ಕತ್ತರಿಸಿದರೆ 4. ಎಂಟೆಕ್ ಓದಿದವನ ಲೆಕ್ಕ ನೋಡಿ! ಇನ್ನೂ ನಿಖರವಾಗಿರಲಿ ಅಂತ 365.2425 ಹಾಕಿದ್ರೂ ಅದೇ ಕತೆ. ಬರೀ 365 ಹಾಕಿದ್ರೆ ಇವರು ಪಾಸ್, ಆದರೆ ಒಂದು ದಿನ ಮೊದಲೇ ಬಿಟ್ಟವರೂ ಪಾಸ್. ತಮಾಷೆ ಏನಂದ್ರೆ, 2015ರ ಜುಲೈ 1ಕ್ಕೆ ಸೇರಿ 2020ರ ಜೂನ್ 30ಕ್ಕೆ ಬಿಡುವವರಿಗೆ ಎರಡು ಫೆಬ್ರವರಿ 29 ಸಿಗುತ್ತೆ. 1827 ದಿನ. ಅದೇ ಕೋಡು ಅವರಿಗೆ 5 ಅನ್ನುತ್ತೆ.

ಹಾಗಾಗಿ ವರ್ಷ ಬೇಕಾದಾಗ ದಿನಕ್ಕೆ ಇಳಿಯಲೇಬೇಡಿ. ತಾರೀಕಿಗೆ ತಾರೀಕು ಹೋಲಿಸಿ. ಜಾವಾದಲ್ಲಿ ಪೀರಿಯಡ್ ಕ್ಲಾಸಿನ ಬಿಟ್ವೀನ್ ಇದೆ. ಆದರೆ ಹುಷಾರು, ಅದು ಕೊನೆಯ ತಾರೀಕನ್ನು ಎಣಿಸುವುದಿಲ್ಲ. ಜೂನ್ 30 ಕೊಟ್ಟರೆ 4 ವರ್ಷ, 11 ತಿಂಗಳು, 29 ದಿನ ಅನ್ನುತ್ತೆ. ಕೊನೆಯ ದಿನವೂ ದುಡಿದ ದಿನವೇ, ಆದ್ದರಿಂದ ಜುಲೈ 1 ಕೊಡಬೇಕು. ಈ ತಪ್ಪನ್ನೂ ನಾನು ಅದೇ ರಾತ್ರಿ ಮಾಡಿದೆ!

ಇನ್ನೊಂದು ವಿಷಯ. ನಡುವೆ ಹಾಜರಿ ಕಡಿದುಹೋದವರಿಗೆ ಆ ಕಾಯ್ದೆಯ ವರ್ಷವೇ ಬೇರೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದು ಒಂದು ವರ್ಷದ ಸೇವೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಕಡೆ, ಅಂದರೆ ನಮ್ಮ ಐದು ದಿನದ ಐಟಿ ಆಫೀಸುಗಳಂಥ ಕಡೆ, 190 ಸಾಕು. ಇದನ್ನು ಯಾವ ಲೈಬ್ರರಿಯೂ ತಾನಾಗಿ ಹೇಳುವುದಿಲ್ಲ, ಕಾಯ್ದೆಯನ್ನೇ ಓದಬೇಕು.

ಆ ಹಿರಿಯರ ರೈಲು ಗುರುವಾರ ಇತ್ತು. ಚೆಕ್ ಬುಧವಾರ ಸಂಜೆ ಕೈಗೆ ಬಂತು. ಆಮೇಲೆ ಹಳೆಯ ದಾಖಲೆ ಪೂರ್ತಿ ಮತ್ತೆ ಓಡಿಸಿದೆ. ಇನ್ನಿಬ್ಬರು ಸಿಕ್ಕರು.