ರೇಷನ್ ಕಾರ್ಡು ಯಾರ ಕೈಯಲ್ಲಿದೆ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಪೌಷ್ಟಿಕ ಆಹಾರದ ಬಗ್ಗೆ ನಾಲ್ಕು ಮಾತಾಡಿ ಎಂದು ನಿಮ್ಮ ಸಂಘದವರು ಕರೆದರು. ಕಾಲೇಜಿನಲ್ಲಿ ಗೃಹವಿಜ್ಞಾನ ಹೇಳಿಕೊಡುತ್ತಿದ್ದಾಗ ಸಮತೋಲನ ಆಹಾರದ ಪಟ್ಟಿಯನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಬೇಳೆ ಇಷ್ಟು, ಸೊಪ್ಪು ಇಷ್ಟು, ಹಾಲು ಇಷ್ಟು. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಆಗ ಪಾತ್ರೆಯಲ್ಲಿ ಏನು ಉಳಿದಿರುತ್ತದೆ ಎಂಬುದು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಹುಡುಗಿಯರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸರ್ಕಾರ ಕೊಡುವುದು ತಲೆ ಲೆಕ್ಕದಲ್ಲಿ. 2013ರಲ್ಲಿ ಅನ್ನಭಾಗ್ಯ ಬಂತು, ಅದೇ ವರ್ಷ ಕೇಂದ್ರದ ಆಹಾರ ಭದ್ರತಾ ಕಾಯ್ದೆಯೂ ಬಂತು. 2023ರ ಜುಲೈಯಲ್ಲಿ ತಲೆಗೆ 5 ಕಿಲೋ ಹೆಚ್ಚುವರಿ ಅಕ್ಕಿ ಕೊಡಬೇಕಾಗಿತ್ತು. ಅಕ್ಕಿ ಸಿಗದೆ ಕಿಲೋಗೆ 34 ರೂಪಾಯಿಯಂತೆ 170 ರೂಪಾಯಿಯನ್ನು ಮನೆಯ ಮುಖ್ಯಸ್ಥರ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಆ ದುಡ್ಡಿನ ಬದಲು ಅಕ್ಕಿಯನ್ನೇ ಕೊಟ್ಟರು. ದುಡ್ಡು ಮೇಲೋ ಅಕ್ಕಿ ಮೇಲೋ ಎಂದು ದೊಡ್ಡವರು ಚರ್ಚೆ ಮಾಡಿದರು. ಖಾತೆ ಅವಳ ಹೆಸರಿನಲ್ಲಿದ್ದು ಎಟಿಎಂ ಕಾರ್ಡು ಅವನ ಜೇಬಿನಲ್ಲಿದ್ದರೆ ಆ 170 ರೂಪಾಯಿ ಸಂಜೆಯ ಹೊತ್ತಿಗೆ ಎಲ್ಲಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಕ್ಕಿಯಾದರೆ ಒಲೆಯ ಮೇಲಾದರೂ ಏರುತ್ತದೆ. ಅಕ್ಕಿ ಮಾರಿ ಕುಡಿದವರೂ ಇದ್ದಾರೆ ಬಿಡಿ.

ಹಾಗೆಂದು ಬರೀ ಅಕ್ಕಿ ತಿಂದರೆ ಹೊಟ್ಟೆ ತುಂಬೀತು, ಮೈಗೆ ಹತ್ತದು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ರೇಷನ್ನಿನಲ್ಲಿ ರಾಗಿಯೋ ಜೋಳವೋ ಬಂದಾಗ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಹುರುಳಿ, ನುಗ್ಗೆಸೊಪ್ಪು ನಮ್ಮ ಹಿತ್ತಲಿನವೇ. ಅದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಇದಕ್ಕೆಲ್ಲ ಅಜ್ಞಾನವೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ.

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಶುರುವಾಯಿತು. ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಕೂತು ಬಿಸಿಯೂಟ ಮಾಡಬೇಕು ಎಂಬುದು ಅದರ ಕ್ರಮ. ನಡೆದು ಬರಲಾಗದು, ನಮ್ಮ ಸೊಸೆ ಬೀದಿಯಲ್ಲಿ ಕೂತು ಉಣ್ಣುವವಳಲ್ಲ, ಮನೆಗೇ ಕೊಡಿ ಎಂದು ಬಹಳ ಕಡೆ ಕೇಳಿದರು. ನಡೆಯುವ ಕಷ್ಟ ನಿಜ. ಆದರೆ ಮನೆಗೆ ಹೋದ ಮೊಟ್ಟೆ ಯಾರ ತಟ್ಟೆಗೆ ಬೀಳುತ್ತದೆ? ಅಂಗನವಾಡಿಯಲ್ಲಿ ಕೂತು ತಿಂದದ್ದು ಅವಳ ಹೊಟ್ಟೆಗೇ ಹೋಗುತ್ತದೆ, ಅಷ್ಟು ಖಾತ್ರಿ.

ಆಹಾರ ಭದ್ರತಾ ಕಾಯ್ದೆಯಲ್ಲಿ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಮುಖ್ಯಸ್ಥೆ. ಒಳ್ಳೆಯದೇ. ಆದರೆ ಹಿರಿಯ ಹೆಂಗಸು ಎಂದರೆ ಸಾಮಾನ್ಯವಾಗಿ ಅತ್ತೆ. ತವರಿನಿಂದ ಇನ್ನೂ ಬರಬೇಕಾದದ್ದು ಬಂದಿಲ್ಲ ಎಂದು ಸೊಸೆಗೆ ಅನ್ನ ಅಳೆದು ಹಾಕುವ ಮನೆಗಳನ್ನು ನಾವು ಕಂಡಿದ್ದೇವೆ. ಹೊಡೆದರೆ ಬಾಸುಂಡೆ ಏಳುತ್ತದೆ, ನಾಲ್ಕು ಜನ ನೋಡುತ್ತಾರೆ. ಹಸಿವಿಗೆ ಬಾಸುಂಡೆ ಏಳುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದನ್ನು ಆರ್ಥಿಕ ದೌರ್ಜನ್ಯ ಎನ್ನುತ್ತದೆ. ದೂರಿನ ವರದಿಯ ನಮೂನೆಯಲ್ಲಿಯೇ ಊಟ, ಬಟ್ಟೆ, ಔಷಧಿ ಕೊಡದಿರುವುದು ಎಂಬ ಕಲಮು ಇದೆ. ಆ ವರದಿ ಬರೆದುಕೊಳ್ಳುವವರು ಸಂರಕ್ಷಣಾಧಿಕಾರಿ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಹೊಣೆಯನ್ನೂ ಕೊಟ್ಟಿದ್ದಾರೆ. ಆದ್ದರಿಂದ ಅಂಗನವಾಡಿ ಟೀಚರಿಗೆ ಹೇಳಿದ ಮಾತು ಆ ಕಚೇರಿಯವರೆಗೆ ಹೋಗುವ ದಾರಿ ಇದೆ.

ಒಬ್ಬಳ ವಿಷಯ ಹೇಳುತ್ತೇನೆ, ಹೆಸರು ಬೇಡ. ಎರಡು ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ತವರಿಗೆ ಬಂದಳು. ಮದುವೆಯಾದಾಗ ತಾಯಿಯ ಕಾರ್ಡಿನಿಂದ ಹೆಸರು ತೆಗೆಸಿದ್ದರು. ಗಂಡನ ಮನೆಯ ಕಾರ್ಡಿನಲ್ಲಿ ಮೂವರ ಹೆಸರೂ ಇತ್ತು, ಕಾರ್ಡು ಅಲ್ಲೇ ಉಳಿದಿತ್ತು. ತಿಂಗಳು ತಿಂಗಳು ಅವಳ ಪಾಲಿನ, ಮಕ್ಕಳ ಪಾಲಿನ ಅಕ್ಕಿಯನ್ನು ಹೊಡೆದವರೇ ತಂದು ಉಂಡರು. ಇಲ್ಲಿ ತಾಯಿ, ಒಬ್ಬರಿಗೆ ಸಿಗುವುದರಲ್ಲಿ ನಾಲ್ವರಿಗೆ ಗಂಜಿ ಕಾಯಿಸಿದಳು. ಕೊನೆಗೆ, ಹೊಟ್ಟೆಗಿಲ್ಲದೆ ಸಾಯುವುದಕ್ಕಿಂತ ಅಲ್ಲೇ ಬಿದ್ದಿರುತ್ತೇನೆ ಅಮ್ಮಾ ಎಂದು ನನ್ನ ಎದುರಿಗೇ ಅಂದಳು. ಹೋಗಬೇಡವೇ ಎಂದು ಹೇಳುವುದು ಸುಲಭ, ನನ್ನ ಮನೆಯಲ್ಲಿ ಅನ್ನವಿತ್ತು.

ಕಾರ್ಡಿನಲ್ಲಿ ಹೆಸರಿದ್ದು ಆಧಾರ್ ಜೋಡಣೆಯಾಗಿದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಪಡಿತರ ಪಡೆಯಬಹುದು. ಒಂದು ಭಾಗವನ್ನು ಇಲ್ಲಿ, ಉಳಿದದ್ದನ್ನು ಅಲ್ಲಿ ಎತ್ತಲಿಕ್ಕೂ ಅವಕಾಶವಿದೆ. ಅವಳಿಗೆ ಅದು ತಿಳಿದಿರಲಿಲ್ಲ. ಕಾರ್ಡಿನ ನಂಬರೂ ಗೊತ್ತಿರಲಿಲ್ಲ. ಸಂಘದ ಇಬ್ಬರು ಜೊತೆಗೆ ಹೋಗಿ ನಂಬರು ಹುಡುಕಿಸಿ, ಅಂಗಡಿಯವನ ಎದುರು ಗಟ್ಟಿಯಾಗಿ ನಿಂತ ಮೇಲೆ ಮೂರನೆಯ ತಿಂಗಳು ಅವಳ ಚೀಲಕ್ಕೆ ಅಕ್ಕಿ ಬಿತ್ತು. ಅವಳು ವಾಪಸು ಹೋಗಲಿಲ್ಲ. ಜೀವನಾಂಶದ ಅರ್ಜಿ ಇನ್ನೂ ನಡೆಯುತ್ತಿದೆ.

ಮುಂದಿನ ವಾರದ ಸಭೆಗೆ ಉಳಿತಾಯದ ಪುಸ್ತಕದ ಜೊತೆ ರೇಷನ್ ಕಾರ್ಡನ್ನೂ ತನ್ನಿ. ನಿಮ್ಮ ಹೆಸರು, ಹೊಸದಾಗಿ ಬಂದ ಸೊಸೆಯ ಹೆಸರು, ಮಕ್ಕಳ ಹೆಸರು ಅದರಲ್ಲಿದೆಯೇ ನೋಡೋಣ. ನಂಬರನ್ನು ಸಂಘದ ಪುಸ್ತಕದಲ್ಲಿ ಬರೆದಿಡೋಣ. ಕಾರ್ಡು ಕೊಡುವುದಿಲ್ಲ ಅಂದರೆ, ಯಾರು ಕೊಡಲಿಲ್ಲ ಎಂಬುದನ್ನು ಬಂದು ಹೇಳಿ.