ಗುಟ್ಟಿನ ಮಾತು ಯಾರ ಗುಟ್ಟು?

ಬಳ್ಳಾರಿ ಸೀಮೆಯ ಮೆಟ್ರಿಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಕನ್ನಡ, ತೆಲುಗು, ಉರ್ದು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಲಂಬಾಣಿ ತಾಂಡಾದ ಹೆಣ್ಣುಮಕ್ಕಳು ಬಾಯಿ ತೆಗೆದರೆ ಮಾತ್ರ ‘ಅದೇನೋ ಗುಟ್ಟಿನ ಭಾಷೆ’ ಅಂದುಬಿಡುತ್ತೇವೆ.

ಗುಟ್ಟಿನ ಮಾತು ನಮ್ಮಲ್ಲಿ ಇಲ್ಲವೆಂದಲ್ಲ. ಮಕ್ಕಳ ‘ಕ’ ಭಾಷೆಯಲ್ಲಿ ‘ನೀನು ಬಾ’ ಅನ್ನೋದು ‘ಕನೀಕನು ಕಬಾ’ ಆಗುತ್ತದೆ. ದನದ ಸಂತೆಯ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದೇ ರೇಟು ಮುಗಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯದು. ಇವು ಬೇಕೆಂದೇ ಕಟ್ಟಿದ ಗುಟ್ಟು. ಆದರೆ ಲಂಬಾಣಿಗರ ಗೋರ್ ಬೋಲಿ ತಾಯಿನುಡಿ, ಅದಕ್ಕೆ ರಾಜಸ್ಥಾನದ ನುಡಿಗಳ ನಂಟು. ಅದರಲ್ಲಿ ತಾಯಿ ‘ಯಾಡಿ’, ಅವರು ‘ಗೋರ್’, ನಾವೆಲ್ಲ ‘ಕೋರ್’!

ನಮ್ಮ ಕನ್ನಡವೂ ಕೆಲವರಿಗೆ ಗುಟ್ಟೇ. ‘ಅವ ಬಂದಾನ’ ಅಂದರೆ ನಮ್ಮ ಬಳ್ಳಾರಿ ಕಡೆಯವರಿಗೆ ಬಂದಿದ್ದಾನೆ ಅಂತ. ಮೈಸೂರಿನವರಿಗೆ ‘ಬಂದಾನು’ ಅಂದರೆ ಬಂದರೂ ಬರಬಹುದು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ವ್ಯಾಕರಣ ಸೇರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಗ್ರಿಯರ್ಸನ್ ಎಂಬ ಸಾಹೇಬರು ಭಾರತದ ಭಾಷೆಗಳ ಸಮೀಕ್ಷೆ ನಡೆಸಿ, 1922ರ ಹನ್ನೊಂದನೆಯ ಸಂಪುಟವನ್ನು ಅಲೆಮಾರಿಗಳ ನುಡಿಗೇ ಮೀಸಲಿಟ್ಟರು. ಆದರೆ ಮದ್ರಾಸ್ ಪ್ರಾಂತವನ್ನು ಆ ಸಮೀಕ್ಷೆಯಿಂದ ಬಿಟ್ಟಿದ್ದರು, ಬಳ್ಳಾರಿ ಆಗ ಅಲ್ಲಿತ್ತು. ನುಡಿ ಬರೆದುಕೊಳ್ಳುವವರು ಬರಲಿಲ್ಲ, ಪೊಲೀಸರು ಬಂದರು. 1911ರ ಅಪರಾಧಿ ಬುಡಕಟ್ಟು ಕಾಯ್ದೆ ಮದ್ರಾಸಿಗೂ ಕಾಲಿಟ್ಟಾಗ, ಅಲೆಮಾರಿ ಕೊರಚರು ಮನೆಯಲ್ಲಿ ಆಡುವ, ತಮಿಳಿನ ನಂಟಿನ ಮಾತು ಪೊಲೀಸರಿಗೆ ಕಳ್ಳರ ಸನ್ನೆಯ ಹಾಗೆ ಕೇಳಿಸಿತು. 1952ರ ಹೊತ್ತಿಗೆ ದೇಶದಲ್ಲೆಲ್ಲ ಕಾಯ್ದೆ ಹೋಯಿತು, ಅನುಮಾನ ಹೋಗಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ.

ಆ ಸಂಕಟವನ್ನು ಮರೆಸುವವರು ದರೋಜಿ ಈರಮ್ಮ. ಬುಡ್ಗ ಜಂಗಮರೆಂಬ ಅಲೆಮಾರಿಗಳ ಹೆಣ್ಣುಮಗಳು, ಹಾಡಿ ಹೇಳುವ ಬುರ್ರಕಥೆಯ ಈರಮ್ಮ. ಮನೆಮಾತು ತೆಲುಗು, ಊರೂರು ತಿರುಗಿ ಹಾಡಿದ್ದು ಕನ್ನಡದಲ್ಲೂ. ಓದು ಬರಹ ಬಾರದ ಆಕೆಗೆ ಹನ್ನೆರಡು ಕಾವ್ಯ ಬಾಯಿಪಾಠ! ಅದರಲ್ಲಿ ಕುಮಾರರಾಮನ ಕಥೆಯೂ ಒಂದು. ಈತ ದಿಲ್ಲಿ ತುಘಲಕನ ದಂಡಿಗೆ ಎದೆಕೊಟ್ಟ ಕಂಪಿಲರಾಯನ ಮಗ, ನಮ್ಮ ಕಂಪ್ಲಿ ಸೀಮೆಯವನೇ. ಕನ್ನಡದ ವೀರನನ್ನು ತಲೆಮಾರುಗಳಿಂದ ನಾಲಿಗೆಯ ಮೇಲೆ ಕಾಯ್ದವರು ತೆಲುಗು ಮನೆಮಾತಿನ ಅಲೆಮಾರಿಗಳು ಅಂದರೆ ನೋಡಿ! ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಕೊಟ್ಟು ಗೌರವಿಸಿತು. ಈರಮ್ಮ 2014ರಲ್ಲಿ ತೀರಿಕೊಂಡರು.

ನನ್ನ ಮಟ್ಟಿಗೆ, ನಾವು ಗುಟ್ಟೆನ್ನುವ ಮಾತುಗಳಲ್ಲಿ ಹೆಚ್ಚಿನವು ನಾವು ಕಲಿಯದೆ ಬಿಟ್ಟ ಮಾತುಗಳು. ನಾಳೆ ನಿಮ್ಮೂರ ತಾಂಡಾಕ್ಕೆ, ಅಲೆಮಾರಿಗಳ ಓಣಿಗೆ ಹೋಗಿ, ಹಿರಿಯರ ಹತ್ತಿರ ಕೂತು ‘ನೀರಿಗೆ ಏನಂತೀರಿ, ಅನ್ನಕ್ಕೆ ಏನಂತೀರಿ’ ಅಂತ ಕೇಳಿ. ಅವರು ಒಪ್ಪಿದರೆ ಫೋನಿನಲ್ಲಿ ದನಿ ಹಿಡಿದಿಡಿ.